ಚೀಟಿ ಇಲ್ಲದೆ ಸಿಗುವ ಮಾತ್ರೆ, ಚೀಟಿ ಇದ್ದರೂ ಸಿಗದ ಮಾರ್ಫಿನ್: ನೋವಿನ ಔಷಧಿಯ ಒಳಗಿರುವ ರಾಜಕಾರಣ

ನೋವಿನ ಮಾತ್ರೆಗೆ ನಮ್ಮಲ್ಲಿ ಎರಡು ಕಾನೂನು ಇವೆ. ಒಂದು ಪುಸ್ತಕದಲ್ಲಿದೆ, ಇನ್ನೊಂದು ಮೆಡಿಕಲ್ ಸ್ಟೋರಿನ ಕೌಂಟರಿನಲ್ಲಿದೆ.

ಪುಸ್ತಕದ ಪ್ರಕಾರ ಡೈಕ್ಲೋಫೆನಾಕ್, ನಿಮೆಸುಲೈಡ್, ಮೆಫೆನಮಿಕ್ ಆಸಿಡ್, ಕೆಟೊರೊಲಾಕ್ ಇವೆಲ್ಲ 'ಶೆಡ್ಯೂಲ್ ಎಚ್' ಔಷಧಿಗಳು. ನೋಂದಾಯಿತ ವೈದ್ಯರ ಚೀಟಿ ಇಲ್ಲದೆ ಇವನ್ನು ಮಾರುವಂತಿಲ್ಲ. ಕೌಂಟರಿನ ಪ್ರಕಾರ "ಅಣ್ಣಾ, ಸೊಂಟ ನೋವು, ನಾಲ್ಕು ಮಾತ್ರೆ ಕೊಡಿ" ಅಂದರೆ ಸಾಕು. ಸ್ಟ್ರಿಪ್ ಕತ್ತರಿಸಿ ಕೊಡ್ತಾರೆ. ಕತ್ತರಿಸಿದ ತುಂಡಿನಲ್ಲಿ ಔಷಧಿಯ ಹೆಸರೂ ಇರಲ್ಲ, ಎಕ್ಸ್‌ಪೈರಿ ದಿನಾಂಕವೂ ಇರಲ್ಲ.

ಅದೇ ಅಂಗಡಿಗೆ ಕ್ಯಾನ್ಸರ್ ರೋಗಿಯ ಮನೆಯವರು ಮಾರ್ಫಿನ್ ಚೀಟಿ ಹಿಡಿದು ಹೋಗಲಿ. "ಅದು ನಮ್ಮಲ್ಲಿ ಬರಲ್ಲ" ಅನ್ನುವ ಉತ್ತರ ಸಿಗುತ್ತೆ. ಮುಂದಿನ ಅಂಗಡಿಯಲ್ಲೂ ಅದೇ ಉತ್ತರ.

ಇವೆರಡನ್ನೂ ನಾನು ನಮ್ಮ ಮನೆಯಲ್ಲೇ ನೋಡಿದ್ದೇನೆ. ನಮ್ಮ ದೊಡ್ಡಮ್ಮನಿಗೆ ಮಂಡಿ ನೋವು. ಕಳೆ ಕೀಳೋದು, ನಾಟಿ ಹಾಕೋದು, ನಲವತ್ತು ವರ್ಷ ಅದೇ ಕೆಲಸ. ಸಂತೆ ದಿನ ಪೇಟೆಗೆ ಹೋದಾಗ "ಮಂಡಿಗೆ ಒಂದ್ ಹತ್ ಮಾತ್ರೆ ಕೊಡಪ್ಪ" ಅಂತ ತರೋರು. ಹಾಗೆ ಐದಾರು ವರ್ಷ ನಡೆಯಿತು. ಕಾಲು ಊದಿ, ಸುಸ್ತಾಗಿ ರಕ್ತ ಪರೀಕ್ಷೆ ಮಾಡಿಸಿದಾಗ ಕ್ರಿಯಾಟಿನಿನ್ ಏರಿತ್ತು, ಅಂದರೆ ಕಿಡ್ನಿ ಸೋತಿತ್ತು. ಇನ್ನೊಂದು ಕಡೆ ನಮ್ಮ ಚಿಕ್ಕಪ್ಪನಿಗೆ ಬಾಯಿ ಕ್ಯಾನ್ಸರ್. ಅವರ ಮಾರ್ಫಿನ್ ಮಾತ್ರೆಗಾಗಿ ಜಿಲ್ಲಾ ಕೇಂದ್ರದ ಅಂಗಡಿಗಳನ್ನೆಲ್ಲ ಸುತ್ತಿ, ಕೊನೆಗೆ ಬೆಂಗಳೂರಿಗೆ ಹೋಗಿ ತಂದೆವು. ಬಸ್ ಚಾರ್ಜಿಗಿಂತ ಮಾತ್ರೆಯ ಬೆಲೆ ಕಡಿಮೆ ಇತ್ತು.

ನೋವಿನ ಔಷಧಿಯನ್ನು ಸುರಕ್ಷಿತವಾಗಿ ಬಳಸೋದು ಹೇಗೆ ಅಂತ ಹೇಳುವ ಲೇಖನಗಳು ಸಾಮಾನ್ಯವಾಗಿ "ವೈದ್ಯರ ಸಲಹೆ ಪಡೆಯಿರಿ" ಎಂಬ ಒಂದು ಸಾಲಿಗೆ ಮುಗಿಯುತ್ತವೆ. ಸಲಹೆ ಕೊಡಲು ವೈದ್ಯರು ಇರಬೇಕು, ಕೇಳಲು ನಮಗೆ ಒಂದು ದಿನದ ಕೂಲಿ ಬಿಡುವ ಶಕ್ತಿ ಇರಬೇಕು. ಹಾಗಾಗಿ ಇಲ್ಲಿ ಎರಡನ್ನೂ ಜೊತೆಗಿಟ್ಟು ಬರೀತಿದ್ದೇನೆ: ಮಾತ್ರೆ ದೇಹದಲ್ಲಿ ಏನು ಮಾಡುತ್ತೆ, ಮತ್ತು ಅದು ಯಾರಿಗೆ ಹೇಗೆ ತಲುಪುತ್ತೆ.

ಎಲ್ಲ 'ಪೇನ್‌ಕಿಲ್ಲರ್' ಒಂದೇ ಅಲ್ಲ

ನಾವು ಪೇನ್‌ಕಿಲ್ಲರ್ ಅಂತ ಒಂದೇ ಹೆಸರಿನಲ್ಲಿ ಕರೆಯುವ ಮಾತ್ರೆಗಳಲ್ಲಿ ಮುಖ್ಯವಾಗಿ ಮೂರು ಗುಂಪುಗಳಿವೆ. ಅವು ಕೆಲಸ ಮಾಡುವ ರೀತಿ ಬೇರೆ, ಕೈ ಕೊಡುವ ರೀತಿಯೂ ಬೇರೆ.

ಮೊದಲನೆಯದು ಪ್ಯಾರಾಸಿಟಮಾಲ್. ಜ್ವರಕ್ಕೂ ನೋವಿಗೂ ಆಗುತ್ತೆ. ಸರಿಯಾದ ಪ್ರಮಾಣದಲ್ಲಿ ತಗೊಂಡರೆ ಬಹುತೇಕರಿಗೆ ಸುರಕ್ಷಿತ. ಪ್ರಮಾಣ ಮೀರಿದರೆ ಲಿವರಿಗೆ ಪೆಟ್ಟು.

ಎರಡನೆಯದು ಉರಿಯೂತ ತಗ್ಗಿಸುವ ಗುಂಪು. ಐಬುಪ್ರೊಫೆನ್, ಡೈಕ್ಲೋಫೆನಾಕ್, ಅಸೆಕ್ಲೋಫೆನಾಕ್, ನಿಮೆಸುಲೈಡ್, ನ್ಯಾಪ್ರೊಕ್ಸೆನ್, ಎಟೊರಿಕಾಕ್ಸಿಬ್, ಮೆಫೆನಮಿಕ್ ಆಸಿಡ್, ಕೆಟೊರೊಲಾಕ್ ಎಲ್ಲ ಇದರೊಳಗೇ ಬರುತ್ತವೆ. ಇವುಗಳ ಅಪಾಯ ಹೊಟ್ಟೆ, ಕಿಡ್ನಿ ಮತ್ತು ಹೃದಯಕ್ಕೆ.

ಮೂರನೆಯದು ಓಪಿಯಾಯ್ಡ್‌ಗಳು, ಅಂದರೆ ಅಫೀಮಿನಿಂದ ತೆಗೆದ ಅಥವಾ ಅದರಂತೆಯೇ ಕೆಲಸ ಮಾಡುವ ಔಷಧಿಗಳು. ಕೋಡೀನ್, ಟ್ರಮಡಾಲ್, ಟಪೆಂಟಡಾಲ್, ಮಾರ್ಫಿನ್, ಫೆಂಟನಿಲ್. ಇವು ಮೆದುಳಿನಲ್ಲೇ ನೋವಿನ ಸಂದೇಶವನ್ನು ತಗ್ಗಿಸುತ್ತವೆ. ಪ್ರಮಾಣ ಮೀರಿದರೆ ಉಸಿರಾಟವನ್ನೂ ತಗ್ಗಿಸುತ್ತವೆ.

ನಿಮ್ಮ ಕೈಯಲ್ಲಿರುವ ಮಾತ್ರೆ ಯಾವ ಗುಂಪಿನದು ಅಂತ ಗೊತ್ತಿದ್ದರೆ ಅರ್ಧ ಸುರಕ್ಷತೆ ಬಂದ ಹಾಗೆ. ಅದಕ್ಕೆ ಬ್ರ್ಯಾಂಡ್ ಹೆಸರನ್ನು ಬಿಟ್ಟು, ಕೆಳಗೆ ಸಣ್ಣ ಅಕ್ಷರದಲ್ಲಿರುವ ಔಷಧಿಯ ಹೆಸರನ್ನು ಓದಬೇಕು. ಕಾಂಬಿಫ್ಲಾಮ್ ಅಂದರೆ ಐಬುಪ್ರೊಫೆನ್ ಮತ್ತು ಪ್ಯಾರಾಸಿಟಮಾಲ್. ಝೀರೋಡಾಲ್-ಪಿ ಅಂದರೆ ಅಸೆಕ್ಲೋಫೆನಾಕ್ ಮತ್ತು ಪ್ಯಾರಾಸಿಟಮಾಲ್. ಅಲ್ಟ್ರಾಸೆಟ್ ಅಂದರೆ ಟ್ರಮಡಾಲ್ ಮತ್ತು ಪ್ಯಾರಾಸಿಟಮಾಲ್. ಹೆಸರು ಮೂರು, ಮೂರರಲ್ಲೂ ಪ್ಯಾರಾಸಿಟಮಾಲ್ ಇದೆ.

ಲೆಕ್ಕ ತಪ್ಪೋದು ಇಲ್ಲೇ. ಆರೋಗ್ಯವಂತ ವಯಸ್ಕರಿಗೆ 24 ಗಂಟೆಯಲ್ಲಿ ಪ್ಯಾರಾಸಿಟಮಾಲ್‌ನ ಗರಿಷ್ಠ ಮಿತಿ 4 ಗ್ರಾಂ. ಒಬ್ಬ ಹುಡುಗ ಜ್ವರಕ್ಕೆ ಅಂತ ದಿನಕ್ಕೆ ಮೂರು ಡೋಲೋ 650 ತಗೋತಾನೆ ಅಂದುಕೊಳ್ಳಿ. ಅದು 1,950 ಮಿ.ಗ್ರಾಂ. ಮೈಕೈ ನೋವಿಗೆ ಎರಡು ಝೀರೋಡಾಲ್-ಪಿ, ಅದರಲ್ಲಿ ತಲಾ 325 ಅಂದರೆ 650. ನೆಗಡಿಗೆ ಮೂರು ಮಾತ್ರೆ. ಹಲವು ನೆಗಡಿ ಮಾತ್ರೆಗಳಲ್ಲಿ 500 ಇರುತ್ತೆ, ಅಲ್ಲಿಗೆ 1,500. ಒಟ್ಟು 4,100 ಮಿ.ಗ್ರಾಂ. ಅವನು ಯಾವ ಮಾತ್ರೆಯನ್ನೂ 'ಜಾಸ್ತಿ' ತಗೊಂಡಿಲ್ಲ, ಆದರೂ ಮಿತಿ ದಾಟಿದ್ದಾನೆ. ತೂಕ ಕಡಿಮೆ ಇರುವವರಿಗೆ, ಸರಿಯಾಗಿ ಊಟ ಮಾಡದವರಿಗೆ, ದಿನಾ ಕುಡಿಯುವವರಿಗೆ, ಲಿವರ್ ತೊಂದರೆ ಇರುವವರಿಗೆ ಈ ಮಿತಿ ಇನ್ನೂ ಕೆಳಗಿರುತ್ತೆ.

ಪ್ಯಾರಾಸಿಟಮಾಲ್ ಮಿತಿ ಮೀರಿದ್ದು ಗೊತ್ತಾದರೆ ಹೊಟ್ಟೆ ನೋವು ಬರಲಿ ಅಂತ ಕಾಯಬಾರದು. ಮೊದಲ ದಿನ ಏನೂ ಅನ್ನಿಸದೇ ಇರಬಹುದು, ಒಳಗೆ ಲಿವರ್ ಹಾಳಾಗ್ತಿರುತ್ತೆ. ಇದಕ್ಕೆ ಪ್ರತಿವಿಷ ಇದೆ. ಎಂಟು ಗಂಟೆಯೊಳಗೆ ಕೊಟ್ಟರೆ ಅದು ಅತ್ಯಂತ ಚೆನ್ನಾಗಿ ಕೆಲಸ ಮಾಡುತ್ತೆ. ತಡವಾಗಿದ್ದರೂ ಆಸ್ಪತ್ರೆಗೆ ಹೋಗಲೇಬೇಕು.

ರಣಹದ್ದುಗಳ ಕಿಡ್ನಿ, ನಮ್ಮ ಕಿಡ್ನಿ

ಡೈಕ್ಲೋಫೆನಾಕ್ ಎಷ್ಟು ಸಾಮಾನ್ಯ ಅಂದರೆ ಅದರ ಅಪಾಯದ ಬಗ್ಗೆ ಮಾತಾಡಿದರೆ ಜನ ನಗ್ತಾರೆ. ಅವರಿಗೆ ನಾನು ರಣಹದ್ದುಗಳ ಕತೆ ಹೇಳ್ತೇನೆ.

1990ರ ದಶಕದಲ್ಲಿ ಭಾರತದ ರಣಹದ್ದುಗಳು ಇದ್ದಕ್ಕಿದ್ದಂತೆ ಕಾಣೆಯಾಗತೊಡಗಿದವು. ಕೆಲವು ಜಾತಿಗಳು ಶೇ 95ಕ್ಕಿಂತ ಹೆಚ್ಚು ಕುಸಿದವು. ಕಾರಣ ತಿಳಿದದ್ದು 2004ರಲ್ಲಿ. ದನಗಳ ನೋವಿಗೆ, ಜ್ವರಕ್ಕೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಸತ್ತ ದನದ ಮಾಂಸದಲ್ಲಿ ಉಳಿದು, ಅದನ್ನು ತಿಂದ ಹದ್ದುಗಳು ಕಿಡ್ನಿ ಸೋತು ಸಾಯ್ತಿದ್ದವು. 2006ರಲ್ಲಿ ಪಶು ಚಿಕಿತ್ಸೆಗೆ ಡೈಕ್ಲೋಫೆನಾಕ್ ತಯಾರಿಕೆ ನಿಷೇಧವಾಯಿತು. ಮನುಷ್ಯರಿಗೆಂದು ಮಾಡಿದ ದೊಡ್ಡ ಬಾಟಲಿಗಳನ್ನೇ ದನಗಳಿಗೆ ಚುಚ್ಚುತ್ತಿದ್ದರಿಂದ, 2015ರಲ್ಲಿ ಮನುಷ್ಯರ ಇಂಜೆಕ್ಷನ್ ಬಾಟಲಿಯನ್ನೂ 3 ಮಿ.ಲೀ.ಗೆ ಇಳಿಸಿದರು. ಅಳಿದುಳಿದ ಹದ್ದುಗಳಿಗಾಗಿ ನಮ್ಮ ರಾಮನಗರದ ರಾಮದೇವರ ಬೆಟ್ಟವನ್ನು 2012ರಲ್ಲಿ ರಣಹದ್ದು ಧಾಮ ಅಂತ ಘೋಷಿಸಲಾಯಿತು.

ಮನುಷ್ಯರ ಕಿಡ್ನಿ ರಣಹದ್ದಿನ ಕಿಡ್ನಿಯಷ್ಟು ಸೂಕ್ಷ್ಮ ಅಲ್ಲ, ನಿಜ. ಆದರೆ ಈ ಗುಂಪಿನ ಔಷಧಿಗಳು ನಮ್ಮಲ್ಲೂ ಕಿಡ್ನಿಯ ದಾರಿಗೆ ಅಡ್ಡ ಬರುತ್ತವೆ. ನೋವು ಮತ್ತು ಊತಕ್ಕೆ ಕಾರಣವಾಗುವ ಪ್ರೊಸ್ಟಾಗ್ಲಾಂಡಿನ್ ಎಂಬ ರಾಸಾಯನಿಕವನ್ನು ಇವು ತಡೆಯುತ್ತವೆ. ಅದೇ ರಾಸಾಯನಿಕ ಹೊಟ್ಟೆಯ ಒಳಪದರವನ್ನು ಆಸಿಡ್‌ನಿಂದ ಕಾಯುತ್ತೆ, ಕಿಡ್ನಿಗೆ ರಕ್ತ ಹರಿಯುವಂತೆ ನೋಡಿಕೊಳ್ಳುತ್ತೆ. ನೋವಿನ ಜೊತೆಗೆ ಈ ಕಾವಲನ್ನೂ ತೆಗೆದು ಹಾಕಿದಂತಾಗುತ್ತೆ.

ಇದರಿಂದ ಮೂರು ನಂಬಿಕೆಗಳು ಸುಳ್ಳಾಗುತ್ತವೆ. "ಇಂಜೆಕ್ಷನ್ ಹೊಟ್ಟೆಗೆ ಹೋಗಲ್ಲ, ಅದಕ್ಕೆ ಸೇಫ್" ಅಂತಾರೆ. ಔಷಧಿ ರಕ್ತದ ಮೂಲಕವೇ ಹೊಟ್ಟೆಯ ಪದರಕ್ಕೆ ತಲುಪುತ್ತೆ, ಹಾಗಾಗಿ ಇಂಜೆಕ್ಷನ್ನಿಂದಲೂ ಹುಣ್ಣಾಗಬಹುದು. "ಊಟ ಆದ್ಮೇಲೆ ತಗೊಂಡ್ರೆ ಏನೂ ಆಗಲ್ಲ" ಅಂತಾರೆ. ಊಟದಿಂದ ಹೊಟ್ಟೆ ಉರಿ ಕಡಿಮೆಯಾಗಬಹುದು, ಅಪಾಯ ಪೂರ್ತಿ ಹೋಗಲ್ಲ. "ಜೊತೆಗೆ ಗ್ಯಾಸ್ ಮಾತ್ರೆ ತಗೋತೀನಿ" ಅಂತಾರೆ. ಗ್ಯಾಸ್ ಮಾತ್ರೆ ಹೊಟ್ಟೆಯನ್ನು ಒಂದಷ್ಟು ಕಾಯಬಹುದು, ಕಿಡ್ನಿಯನ್ನು ಕಾಯಲ್ಲ.

ಯಾರಿಗೆ ಹೆಚ್ಚು ಅಪಾಯ? ವಯಸ್ಸಾದವರಿಗೆ, ಶುಗರ್, ಬಿಪಿ ಅಥವಾ ಹೃದಯದ ತೊಂದರೆ ಇರುವವರಿಗೆ, ಮೊದಲೇ ಹೊಟ್ಟೆ ಹುಣ್ಣು ಇದ್ದವರಿಗೆ, ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುವವರಿಗೆ. ಬಿಪಿ ಮಾತ್ರೆಗಳಲ್ಲಿ ಟೆಲ್ಮಿಸಾರ್ಟನ್‌ನಂಥ ಔಷಧಿಯ ಜೊತೆ ಮೂತ್ರ ಹೆಚ್ಚಿಸುವ ಔಷಧಿಯೂ ಸೇರಿದ್ದರೆ, ಅದರ ಮೇಲೆ ನೋವಿನ ಮಾತ್ರೆ ಬಿದ್ದಾಗ ಕಿಡ್ನಿಗೆ ಮೂರು ಕಡೆಯಿಂದ ಹೊಡೆತ. ನಮ್ಮ ದೊಡ್ಡಮ್ಮನ ಪರಿಸ್ಥಿತಿ ಇದೇ ಆಗಿತ್ತು. ಬಿಪಿ ಮಾತ್ರೆ ಒಂದು ಕಡೆಯಿಂದ, ಮಂಡಿ ಮಾತ್ರೆ ಇನ್ನೊಂದು ಕಡೆಯಿಂದ ಬರುತ್ತಿತ್ತು. ಎರಡನ್ನೂ ಒಟ್ಟಿಗೆ ನೋಡಿದವರು ಯಾರೂ ಇರಲಿಲ್ಲ.

ಇನ್ನು ಬಿಸಿಲು. ಬೆವರಿ, ನೀರು ಕುಡಿಯದೆ ದೇಹ ಒಣಗಿದ್ದಾಗ ಕಿಡ್ನಿ ಮೊದಲೇ ಕಷ್ಟದಲ್ಲಿರುತ್ತೆ. ವಾಂತಿ ಭೇದಿ ಆದಾಗಲೂ ಅಷ್ಟೇ. ಆಗ ಡೈಕ್ಲೋಫೆನಾಕ್ ನುಂಗೋದು ಅಪಾಯಕ್ಕೆ ಆಹ್ವಾನ. ಮಧ್ಯಾಹ್ನದ ಬಿಸಿಲಲ್ಲಿ ಗಾಡಿ ಓಡಿಸುವ ಡೆಲಿವರಿ ಹುಡುಗರು, ಕಟ್ಟಡ ಕಾರ್ಮಿಕರು, ಕಬ್ಬು ಕಡಿಯುವವರು ಇದನ್ನು ತಿಳಿದಿರಬೇಕು.

ಡೆಂಗಿ ಮತ್ತು ಮುಟ್ಟಿನ ನೋವು

ನಮ್ಮ ರಾಜ್ಯದ ಮಟ್ಟಿಗೆ ಎರಡು ವಿಷಯಗಳನ್ನು ಬಿಡಿಸಿ ಹೇಳಲೇಬೇಕು.

2024ರಲ್ಲಿ ಕರ್ನಾಟಕ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗ ಎಂದು ಘೋಷಿಸಿತು. ಡೆಂಗಿಯಲ್ಲಿ ಮೈಕೈ ನೋವು ಮುರಿದು ಹಾಕಿದಂತೆ ಇರುತ್ತೆ, ಹಾಗಾಗಿ ಜನ ಸ್ಟ್ರಾಂಗ್ ಮಾತ್ರೆ ಕೇಳ್ತಾರೆ. ಆದರೆ ಡೆಂಗಿಯಲ್ಲಿ ಪ್ಲೇಟ್‌ಲೆಟ್ ಇಳಿದು ರಕ್ತಸ್ರಾವದ ಅಪಾಯ ಇರುತ್ತೆ. ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೋಫೆನಾಕ್ ಆ ಅಪಾಯವನ್ನು ಹೆಚ್ಚಿಸುತ್ತವೆ. ಮಳೆಗಾಲದಲ್ಲಿ ಜ್ವರ ಬಂದರೆ, ಡೆಂಗಿ ಅಲ್ಲ ಅಂತ ಖಾತ್ರಿ ಆಗುವವರೆಗೆ ಪ್ಯಾರಾಸಿಟಮಾಲ್ ಮಾತ್ರ, ಅದೂ ಮಿತಿಯೊಳಗೆ. ಜ್ವರಕ್ಕೆ ಸೊಂಟಕ್ಕೊಂದು ಸೂಜಿ ಚುಚ್ಚುವವರ ಹತ್ತಿರ "ಇದು ಯಾವ ಇಂಜೆಕ್ಷನ್?" ಅಂತ ಕೇಳುವ ಹಕ್ಕು ನಿಮಗಿದೆ.

ಮುಟ್ಟಿನ ನೋವಿಗೆ ಮೆಫ್ಟಾಲ್ ಸ್ಪಾಸ್ ಹಾಸ್ಟೆಲ್ ರೂಮುಗಳಲ್ಲಿ, ಗಾರ್ಮೆಂಟ್ಸ್ ಲೈನುಗಳಲ್ಲಿ ಕೈಯಿಂದ ಕೈಗೆ ಹೋಗುವ ಮಾತ್ರೆ. ಅದರಲ್ಲಿ ಮೆಫೆನಮಿಕ್ ಆಸಿಡ್ ಜೊತೆ ಸೆಳೆತ ತಗ್ಗಿಸುವ ಡೈಸೈಕ್ಲೋಮಿನ್ ಇದೆ. ತಿಂಗಳಿಗೆ ಒಂದೆರಡು ದಿನ, ಬೇರೆ ಕಾಯಿಲೆ ಇಲ್ಲದ ಯುವತಿಯರಿಗೆ ಇದು ಸಾಮಾನ್ಯವಾಗಿ ಸಮಸ್ಯೆ ಮಾಡಲ್ಲ, ಒಳ್ಳೆಯ ಪರಿಹಾರವನ್ನೇ ಕೊಡುತ್ತೆ. ಆದರೆ 2023ರ ಕೊನೆಯಲ್ಲಿ ಭಾರತೀಯ ಫಾರ್ಮಕೋಪಿಯಾ ಆಯೋಗ ಮೆಫೆನಮಿಕ್ ಆಸಿಡ್ ಬಗ್ಗೆ ಎಚ್ಚರಿಕೆ ಹೊರಡಿಸಿತು. ಅಪರೂಪವಾಗಿ ಕೆಲವರಲ್ಲಿ, ತಗೊಂಡು ಒಂದೆರಡು ವಾರ ಅಥವಾ ಇನ್ನೂ ಹೆಚ್ಚು ದಿನಗಳ ಮೇಲೆ ತೀವ್ರ ಅಲರ್ಜಿ ಬರುತ್ತೆ: ಜ್ವರ, ಮೈಮೇಲೆ ದದ್ದು, ಗಂಟಲ ಗ್ರಂಥಿಗಳ ಊತ, ಲಿವರಿನಂಥ ಒಳ ಅಂಗಗಳಿಗೂ ಪೆಟ್ಟು. ಹಾಗಂತ ಎಲ್ಲರೂ ಹೆದರಿ ಬಿಡಬೇಕಾಗಿಲ್ಲ. ಇಂಥ ಲಕ್ಷಣ ಕಂಡರೆ "ಎರಡು ವಾರದ ಹಿಂದೆ ಈ ಮಾತ್ರೆ ತಗೊಂಡಿದ್ದೆ" ಅಂತ ವೈದ್ಯರಿಗೆ ಹೇಳಬೇಕು, ಅಷ್ಟೇ. ಪ್ರತಿ ತಿಂಗಳೂ ಮಾತ್ರೆ ಇಲ್ಲದೆ ಆಗೋದೇ ಇಲ್ಲ ಅನ್ನುವಂತಿದ್ದರೆ, ಆ ನೋವಿಗೇ ಎಂಡೊಮೆಟ್ರಿಯೋಸಿಸ್‌ನಂಥ ಕಾರಣ ಇದೆಯಾ ಅಂತ ನೋಡಿಸಬೇಕು.

ಗರ್ಭಿಣಿಯರು, ಅದರಲ್ಲೂ 20 ವಾರ ಕಳೆದ ಮೇಲೆ, ಈ ಎರಡನೇ ಗುಂಪಿನ ಮಾತ್ರೆಗಳನ್ನು ವೈದ್ಯರು ಹೇಳದೆ ತಗೊಳ್ಳಲೇಬಾರದು. ಮಗುವಿನ ಕಿಡ್ನಿ ಮತ್ತು ಹೃದಯದ ರಕ್ತನಾಳಕ್ಕೆ ತೊಂದರೆ ಆಗಬಹುದು. 12 ವರ್ಷದೊಳಗಿನ ಮಕ್ಕಳಿಗೆ ನಿಮೆಸುಲೈಡ್ ಕೊಡುವುದನ್ನು 2011ರಲ್ಲೇ ನಿಷೇಧಿಸಲಾಗಿದೆ. ಹಲ್ಲು ನೋವಿಗೆ ಕೊಡುವ ಕೆಟೊರೊಲಾಕ್ ಐದು ದಿನ ಮೀರಬಾರದು.

ಟ್ರಮಡಾಲ್: 'ಲೈಟ್' ಅಲ್ಲ

ಆಪರೇಷನ್ ಆದಮೇಲೆ, ಮೂಳೆ ಮುರಿದಾಗ ಟ್ರಮಡಾಲ್ ಬರೆದುಕೊಡ್ತಾರೆ. ಕೆಲವೇ ದಿನ ತಗೊಂಡು ನಿಲ್ಲಿಸಿದರೆ ಅದು ಉಪಕಾರಿ ಔಷಧಿ. ಆದರೆ ಇದು ಸೌಮ್ಯ ಮಾತ್ರೆ ಎಂಬ ಭಾವನೆ ವೈದ್ಯರಲ್ಲೂ ರೋಗಿಗಳಲ್ಲೂ ಬಹಳ ಕಾಲ ಇತ್ತು. 2018ರಲ್ಲಿ ಕೇಂದ್ರ ಸರ್ಕಾರ ಟ್ರಮಡಾಲನ್ನು ಮಾದಕ ವಸ್ತು ಕಾಯ್ದೆಯ, ಅಂದರೆ ಎನ್‌ಡಿಪಿಎಸ್ ಕಾಯ್ದೆಯ ಪಟ್ಟಿಗೆ ಸೇರಿಸಿತು.

ಯುವ ಓದುಗರು ಒಂದು ಮಾತನ್ನು ಗಮನಿಸಬೇಕು. ನೀವು ಖಿನ್ನತೆಗೆ, ಆತಂಕಕ್ಕೆ ಎಸ್ಸಿಟಲೋಪ್ರಾಮ್‌ನಂಥ ಮಾತ್ರೆ ತಗೊಳ್ತಿದ್ದರೆ ಟ್ರಮಡಾಲ್ ಬರೆಯುವ ಮುಂಚೆ ವೈದ್ಯರಿಗೆ ಹೇಳಲೇಬೇಕು. ಎರಡೂ ಸೇರಿದರೆ ಮೆದುಳಿನಲ್ಲಿ ಸಿರೊಟೋನಿನ್ ಅತಿಯಾಗಿ, ನಡುಕ, ಜ್ವರ, ಗೊಂದಲ ಬರಬಹುದು. ಫಿಟ್ಸ್ ಬರುವ ಅಪಾಯವೂ ಹೆಚ್ಚು. ಮೂಳೆ ಡಾಕ್ಟರ ಮುಂದೆ ಮನಸ್ಸಿನ ಮಾತ್ರೆಯ ಬಗ್ಗೆ ಹೇಳಲು ನಾಚಿಕೆ ಅನ್ನಿಸಬಹುದು. ಆ ನಾಚಿಕೆಯನ್ನು ಹುಟ್ಟಿಸಿದ್ದು ಸಮಾಜ, ಅದರ ಬೆಲೆಯನ್ನು ನಿಮ್ಮ ದೇಹ ಯಾಕೆ ತೆರಬೇಕು?

ಯಾವುದೇ ಓಪಿಯಾಯ್ಡ್ ಜೊತೆ ಮದ್ಯ, ನಿದ್ದೆ ಮಾತ್ರೆ, ಆಲ್ಪ್ರಝೋಲಮ್‌ನಂಥ ಔಷಧಿ ಸೇರಿಸಬಾರದು. ಸತ್ತವರ ಹಾಗೆ ನಿದ್ದೆ, ಎಬ್ಬಿಸಿದರೂ ಏಳದಿರುವುದು, ನಿಧಾನವಾದ ಉಸಿರು, ತುಟಿ ನೀಲಿಯಾಗುವುದು ಅಪಾಯದ ಚಿಹ್ನೆಗಳು. ಆಗ 'ಮಲಗಲಿ ಬಿಡು' ಅನ್ನದೆ 108ಕ್ಕೆ ಕರೆ ಮಾಡಬೇಕು. ವಾರಗಟ್ಟಲೆ ತಗೊಂಡವರು ಒಮ್ಮೆಲೇ ನಿಲ್ಲಿಸಬಾರದು. ವೈದ್ಯರ ಜೊತೆ ಮಾತಾಡಿ ಹಂತಹಂತವಾಗಿ ಇಳಿಸಬೇಕು.

ಟಪೆಂಟಡಾಲ್ ಮಾತ್ರೆಗಳನ್ನು ಪೊಲೀಸರು ವಶಪಡಿಸಿಕೊಂಡ ಸುದ್ದಿ ಕರ್ನಾಟಕದ ನಗರಗಳಿಂದಲೂ ಬರುತ್ತಿದೆ. ಮಾತ್ರೆಯನ್ನು ಪುಡಿ ಮಾಡಿ ಚುಚ್ಚಿಕೊಳ್ಳುವ ಹುಡುಗರ ಬಗ್ಗೆ ಟಿವಿಯವರು ಕಿರುಚುತ್ತಾರೆ. ಅದನ್ನು ತಯಾರಿಸುವವರ ಬಗ್ಗೆ ಅಷ್ಟು ಮಾತಿಲ್ಲ. ಭಾರತದ ಒಂದು ಕಂಪನಿ ಟಪೆಂಟಡಾಲ್ ಮತ್ತು ಕ್ಯಾರಿಸೊಪ್ರೊಡಾಲ್ ಬೆರೆಸಿದ ಮಾತ್ರೆಗಳನ್ನು ಪಶ್ಚಿಮ ಆಫ್ರಿಕಾಕ್ಕೆ ರಫ್ತು ಮಾಡುತ್ತಿದ್ದುದನ್ನು ಬಿಬಿಸಿ ಬಯಲಿಗೆಳೆದ ಮೇಲೆ, 2025ರ ಫೆಬ್ರವರಿಯಲ್ಲಿ ಕೇಂದ್ರ ಔಷಧ ನಿಯಂತ್ರಕರು ಆ ಮಿಶ್ರಣದ ಅನುಮತಿಗಳನ್ನು ಹಿಂಪಡೆಯಲು ಹೇಳಿದರು. ಸಿಕ್ಕಿಬಿದ್ದ ಹುಡುಗನಿಗೆ ಜೈಲಿಗಿಂತ ಮೊದಲು ಬೇಕಾದ್ದು ಚಿಕಿತ್ಸೆ. ವ್ಯಸನದ ಸಹಾಯವಾಣಿ 14446, ಮಾನಸಿಕ ಆರೋಗ್ಯದ ಟೆಲಿ-ಮಾನಸ್ 14416, ಎರಡೂ ಉಚಿತ.

ಗಸಗಸೆ ನಮ್ಮದು, ಮಾರ್ಫಿನ್ ಯಾರದು?

ಓಪಿಯಾಯ್ಡ್ ಅಂದಕೂಡಲೇ ಅಮೆರಿಕದ ಉದಾಹರಣೆ ಬರುತ್ತೆ. 1996ರಲ್ಲಿ ಪರ್ಡ್ಯೂ ಫಾರ್ಮಾ ಕಂಪನಿ ಆಕ್ಸಿಕಾಂಟಿನ್ ಎಂಬ ಮಾತ್ರೆಯನ್ನು ಮಾರುಕಟ್ಟೆಗೆ ತಂದು, ಇದರಿಂದ ವ್ಯಸನದ ಅಪಾಯ ಕಡಿಮೆ ಅಂತ ವೈದ್ಯರನ್ನು ನಂಬಿಸಿತು. 2007ರಲ್ಲೂ 2020ರಲ್ಲೂ ಕಂಪನಿ ತಪ್ಪೊಪ್ಪಿಕೊಂಡಿತು. ಅಷ್ಟರಲ್ಲಿ ಲಕ್ಷಾಂತರ ಜನ ಓಪಿಯಾಯ್ಡ್‌ಗಳಿಗೆ ಬಲಿಯಾಗಿದ್ದರು. ಲಾಭಕ್ಕಾಗಿ ನೋವನ್ನು ಮಾರುಕಟ್ಟೆ ಮಾಡಿಕೊಂಡರೆ ಏನಾಗುತ್ತೆ ಅನ್ನೋದಕ್ಕೆ ಅದು ಸಾಕ್ಷಿ.

ನಮ್ಮಲ್ಲಿ ನಡೆದದ್ದು ಅದರ ತಿರುಗುಮುರುಗು. ಮಧ್ಯಪ್ರದೇಶ, ರಾಜಸ್ಥಾನ, ಉತ್ತರ ಪ್ರದೇಶದಲ್ಲಿ ಸರ್ಕಾರದ ಪರವಾನಗಿಯಲ್ಲೇ ಅಫೀಮು ಗಸಗಸೆ ಬೆಳೆಯುತ್ತಾರೆ. ನೀಮಚ್ ಮತ್ತು ಘಾಜಿಪುರದಲ್ಲಿ ಸರ್ಕಾರಿ ಕಾರ್ಖಾನೆಗಳಿವೆ. ಔಷಧಿಗಾಗಿ ಅಫೀಮನ್ನು ಹೊರದೇಶಗಳಿಗೂ ಕಳಿಸುತ್ತೇವೆ. ಆದರೆ 2017ರ ಲ್ಯಾನ್ಸೆಟ್ ಆಯೋಗದ ವರದಿಯ ಲೆಕ್ಕದಲ್ಲಿ ಭಾರತದ ರೋಗಿಗಳಿಗೆ ಸಿಗುತ್ತಿದ್ದುದು ಅಗತ್ಯದ ಶೇ 4ರಷ್ಟು ಮಾತ್ರ. ಕೆನಡಾದಂಥ ದೇಶಕ್ಕೆ ಅಗತ್ಯದ ಹಲವು ಪಟ್ಟು.

ಇದಕ್ಕೆ ದೊಡ್ಡ ಕಾರಣ 1985ರ ಎನ್‌ಡಿಪಿಎಸ್ ಕಾಯ್ದೆ. ಮಾದಕ ವಸ್ತು ಸಾಗಣೆದಾರರಿಗಾಗಿ ಬರೆದ ಕಾನೂನು ಆಸ್ಪತ್ರೆಯ ಔಷಧಿ ಕೋಣೆಗೂ ಅನ್ವಯಿಸಿತು. ಮಾರ್ಫಿನ್ ಇಡಬೇಕಾದರೆ ಬೇರೆ ಬೇರೆ ಇಲಾಖೆಗಳಿಂದ ಹಲವು ಪರವಾನಗಿ, ಒಂದು ಕೈಗೆ ಬರುವಷ್ಟರಲ್ಲಿ ಇನ್ನೊಂದರ ಅವಧಿ ಮುಗಿದಿರೋದು. ಲೆಕ್ಕದ ಪುಸ್ತಕದಲ್ಲಿ ತಪ್ಪಾದರೂ ಜೈಲಿನ ಭಯ. ಆಸ್ಪತ್ರೆಗಳು ಮಾರ್ಫಿನ್ ಇಡೋದನ್ನೇ ಬಿಟ್ಟವು. ಹೀಗೆ ಅದನ್ನು ಬರೆಯದೆಯೇ ಒಂದಿಡೀ ತಲೆಮಾರಿನ ವೈದ್ಯರು ತಯಾರಾದರು.

ಕೇರಳದ ಡಾ. ಎಂ.ಆರ್. ರಾಜಗೋಪಾಲ್ ಮತ್ತು ಅವರ ಪ್ಯಾಲಿಯಂ ಇಂಡಿಯಾ ಸಂಸ್ಥೆ ಸೇರಿದಂತೆ ಹಲವರು ವರ್ಷಗಟ್ಟಲೆ ಹೋರಾಡಿದ್ದರಿಂದ 2014ರಲ್ಲಿ ಕಾಯ್ದೆಗೆ ತಿದ್ದುಪಡಿ ಬಂತು. ಮಾರ್ಫಿನ್, ಫೆಂಟನಿಲ್, ಮೆಥಡೋನ್, ಕೋಡೀನ್ ಸೇರಿ ಆರು ಔಷಧಿಗಳನ್ನು 'ಅತ್ಯಗತ್ಯ' ಎಂದು ಗುರುತಿಸಿ, ರಾಜ್ಯದ ಔಷಧ ನಿಯಂತ್ರಕರಿಂದ ಮಾನ್ಯತೆ ಪಡೆದ ಆಸ್ಪತ್ರೆಗಳು ಇವನ್ನು ಇಡಬಹುದು ಅಂತಾಯಿತು. ಕಾನೂನು ಸಡಿಲವಾಯಿತು. ಭಯ ಸಡಿಲವಾಗಲಿಲ್ಲ. ಬೆಂಗಳೂರಿನಲ್ಲಿ ಕಿದ್ವಾಯಿ ಸಂಸ್ಥೆ ಇದೆ, ಉಚಿತವಾಗಿ ಆರೈಕೆ ಮಾಡುವ ಕರುಣಾಶ್ರಯ ಇದೆ. ದೂರದ ತಾಲ್ಲೂಕಿನ ರೋಗಿ ಏನು ಮಾಡಬೇಕು?

ಮಾರ್ಫಿನ್ ಬಗ್ಗೆ ಮನೆಯವರಲ್ಲೂ ಹೆದರಿಕೆ ಇರುತ್ತೆ. ನಮ್ಮ ಚಿಕ್ಕಮ್ಮ "ಇದು ಕೊಟ್ರೆ ಬೇಗ ಹೋಗ್ಬಿಡ್ತಾರಂತೆ" ಅಂತ ಅಳ್ತಿದ್ದರು. ವೈದ್ಯರು ಹೇಳಿದ ಪ್ರಮಾಣದಲ್ಲಿ, ಹಂತಹಂತವಾಗಿ ಹೆಚ್ಚಿಸುತ್ತ ಕೊಟ್ಟರೆ ಮಾರ್ಫಿನ್ ಸಾವನ್ನು ಹತ್ತಿರ ತರಲ್ಲ. ನಿದ್ದೆ, ಊಟ, ಮಾತು ವಾಪಸ್ ಕೊಡುತ್ತೆ. ಮಾತ್ರೆಯನ್ನು ನೋವು ತಡೆಯಲಾಗದಾಗ ಮಾತ್ರ ಕೊಡೋದಲ್ಲ, ಗಡಿಯಾರ ನೋಡಿ ಕೊಡಬೇಕು. ಸಾಮಾನ್ಯ ಮಾತ್ರೆಯಾದರೆ ನಾಲ್ಕು ಗಂಟೆಗೊಮ್ಮೆ ಕೊಡುವುದು ರೂಢಿ. ಮಲಬದ್ಧತೆ ಬಂದೇ ಬರುತ್ತೆ, ಹಾಗಾಗಿ ಅದರ ಔಷಧಿಯನ್ನು ಮೊದಲ ದಿನದಿಂದಲೇ ಕೇಳಿ ಪಡೆಯಬೇಕು. ಕಿಡ್ನಿ ತೊಂದರೆ ಇದ್ದರೆ ವೈದ್ಯರಿಗೆ ಮೊದಲೇ ಹೇಳಬೇಕು. ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆಯನ್ನು ಪುಡಿ ಮಾಡಬಾರದು, ಫೆಂಟನಿಲ್ ಪ್ಯಾಚ್ ಮೇಲೆ ಬಿಸಿನೀರಿನ ಬ್ಯಾಗ್ ಇಡಬಾರದು. ದೇಹ ಔಷಧಿಗೆ ಒಗ್ಗಿಕೊಳ್ಳೋದು ಬೇರೆ, ವ್ಯಸನ ಬೇರೆ. ಕ್ಯಾನ್ಸರ್ ನೋವಿಗೆ ಪ್ರಮಾಣ ಹೆಚ್ಚಬೇಕಾಗಿ ಬಂದರೆ ರೋಗಿ 'ಚಟಕ್ಕೆ ಬಿದ್ದ' ಅಂತ ಅರ್ಥ ಅಲ್ಲ.

ಚೀಟಿ ಕೈಗೆ ಬಂದಾಗ

ವೈದ್ಯರ ಮುಂದೆ ಕೂತಾಗ ಇಷ್ಟು ಕೇಳಿ:

- ಇದು ಯಾವ ಔಷಧಿ? ಎಷ್ಟು ದಿನ? ಯಾವಾಗ ನಿಲ್ಲಿಸಬೇಕು?
- ನಾನು ಈಗ ತಗೊಳ್ತಿರೋ ಮಾತ್ರೆಗಳು ಇವು. ಇದರ ಜೊತೆ ಹೊಂದುತ್ತಾ? (ಹೆಸರು ನೆನಪಿರಲ್ಲ, ಸ್ಟ್ರಿಪ್‌ಗಳ ಫೋಟೋ ಮೊಬೈಲಿನಲ್ಲಿ ಇಟ್ಟುಕೊಳ್ಳಿ.)
- ಒಂದು ಹೊತ್ತು ಮರೆತರೆ ಏನು ಮಾಡಲಿ? ಸಾಮಾನ್ಯವಾಗಿ ಎರಡನ್ನು ಒಟ್ಟಿಗೆ ನುಂಗಬಾರದು.
- ಯಾವ ಲಕ್ಷಣ ಕಂಡರೆ ತಕ್ಷಣ ವಾಪಸ್ ಬರಬೇಕು? ಮಲ ಟಾರಿನಂತೆ ಕಪ್ಪಾಗುವುದು, ರಕ್ತ ವಾಂತಿ, ಮೂತ್ರ ಕಡಿಮೆಯಾಗುವುದು, ಮುಖ ಅಥವಾ ಕಾಲು ಊದುವುದು, ಎದೆನೋವು, ಮೈಮೇಲೆ ದದ್ದು, ಕಣ್ಣು ಹಳದಿ ಆಗುವುದು.

ಅಂಗಡಿಯಲ್ಲಿ ಬಿಡಿ ಮಾತ್ರೆಗಳನ್ನು ಕಾಗದದ ಪೊಟ್ಟಣದಲ್ಲಿ ಕಟ್ಟಿ ಕೊಟ್ಟರೆ ಬೇಡ ಅನ್ನಿ. ಹೆಸರಿಲ್ಲದ ಮಂಡಿ ನೋವಿನ ಪೊಟ್ಟಣದಲ್ಲಿ, 'ನಾಟಿ' ಎಂದು ಮಾರುವ ಪುಡಿಯಲ್ಲಿ ಸ್ಟೀರಾಯ್ಡ್ ಬೆರೆತಿರಬಹುದು. ಎರಡೇ ದಿನಕ್ಕೆ ಪವಾಡದಂತೆ ನೋವು ಹೋಯಿತು ಅಂದರೆ ಅನುಮಾನ ಪಡಬೇಕು. ಒಬ್ಬರಿಗೆ ಬರೆದ ಮಾತ್ರೆಯನ್ನು ಇನ್ನೊಬ್ಬರಿಗೆ ಕೊಡಬೇಡಿ. ಮಕ್ಕಳ ಕೈಗೆ ಸಿಗದಂತೆ ಇಡಿ. ಉಳಿದ ಟ್ರಮಡಾಲ್, ಟಪೆಂಟಡಾಲ್, ಮಾರ್ಫಿನ್, ಫೆಂಟನಿಲ್‌ನಂಥವನ್ನು ಕಸದ ಬುಟ್ಟಿಗೆ ಹಾಕದೆ ಟಾಯ್ಲೆಟ್ಟಿಗೆ ಹಾಕಿ ನೀರು ಬಿಡಬೇಕು ಅಂತ ಕೇಂದ್ರ ಔಷಧ ನಿಯಂತ್ರಣ ಸಂಸ್ಥೆ 2025ರಲ್ಲಿ ಮಾರ್ಗಸೂಚಿ ಕೊಟ್ಟಿದೆ. ಉಳಿದ ಔಷಧಿಗಳಿಗೆ ಇದು ಅನ್ವಯಿಸಲ್ಲ.

ಮಾತ್ರೆಯಿಂದ ತೊಂದರೆ ಆದರೆ 1800-180-3024ಕ್ಕೆ ಉಚಿತವಾಗಿ ಕರೆ ಮಾಡಿ ವರದಿ ಮಾಡಬಹುದು. ವೈದ್ಯರೇ ಮಾಡಬೇಕು ಅಂತಿಲ್ಲ. ಮೆಫೆನಮಿಕ್ ಆಸಿಡ್‌ನಂಥ ಎಚ್ಚರಿಕೆಗಳು ಹುಟ್ಟೋದು ಇಂಥ ವರದಿಗಳಿಂದಲೇ.

ನೋವು ಯಾವ ವರ್ಗದ್ದು?

ಇಷ್ಟೆಲ್ಲ ಹೇಳಿದ ಮೇಲೂ ಒಂದು ಪ್ರಶ್ನೆ ಉಳಿಯುತ್ತೆ. ನಮ್ಮ ದೊಡ್ಡಮ್ಮನಿಗೆ ಇದೆಲ್ಲ ಗೊತ್ತಿದ್ದರೆ ಮಾತ್ರೆ ಬಿಡ್ತಿದ್ದರಾ? ನನಗೆ ಅನುಮಾನ. ಮಾತ್ರೆ ಬಿಟ್ಟರೆ ಮಂಡಿ ಬಗ್ಗಲ್ಲ, ಮಂಡಿ ಬಗ್ಗದಿದ್ದರೆ ಕೂಲಿ ಇಲ್ಲ. ಆಕೆಗೆ ಬೇಕಿದ್ದದ್ದು ವಿಶ್ರಾಂತಿ, ತೊಡೆಯ ಸ್ನಾಯು ಬಲಪಡಿಸುವ ವ್ಯಾಯಾಮ ಹೇಳಿಕೊಡುವ ಫಿಸಿಯೋಥೆರಪಿಸ್ಟ್, ವರ್ಷಕ್ಕೊಮ್ಮೆಯಾದರೂ ಕ್ರಿಯಾಟಿನಿನ್ ಪರೀಕ್ಷೆ. ಆಕೆಗೆ ಸಿಕ್ಕಿದ್ದು ಒಂದು ಸ್ಟ್ರಿಪ್ ಮಾತ್ರೆ. ದುಡಿಯುವ ದೇಹವನ್ನು ಮರುದಿನದ ಪಾಳಿಗೆ ಎಬ್ಬಿಸಿ ನಿಲ್ಲಿಸುವ ಅಗ್ಗದ ಉಪಾಯ ಅದು, ಮತ್ತು ಅದರ ಬಿಲ್ಲನ್ನು ಕೊನೆಗೆ ಕಿಡ್ನಿ ಕಟ್ಟುತ್ತೆ.

ಹಾಗಾಗಿ ನೋವಿನ ಔಷಧಿಯ ಸುರಕ್ಷತೆ ಕಾರ್ಮಿಕರ ಪ್ರಶ್ನೆಯೂ ಹೌದು. 2025ರ ಅಕ್ಟೋಬರಿನಲ್ಲಿ ರಾಜ್ಯ ಸಂಪುಟ ತಿಂಗಳಿಗೊಂದು ದಿನ ವೇತನಸಹಿತ ಮುಟ್ಟಿನ ರಜೆಗೆ ಒಪ್ಪಿಗೆ ಕೊಟ್ಟಾಗ ಎಷ್ಟೋ ಜನ ಗೇಲಿ ಮಾಡಿದರು. ಅವರಿಗೆ ಹೇಳಬೇಕಾದ್ದು ಇಷ್ಟೇ: ರಜೆ ಇಲ್ಲದ ಕಡೆ ಹೆಣ್ಣುಮಕ್ಕಳು ಮಾತ್ರೆ ನುಂಗಿ ಮಿಷಿನ್ ಮುಂದೆ ಕೂರುತ್ತಿದ್ದಾರೆ.

ನಾವು ಕೇಳಬೇಕಾದ್ದು ದೊಡ್ಡದೇನಲ್ಲ. ಪ್ರತಿ ಜಿಲ್ಲಾಸ್ಪತ್ರೆಯಲ್ಲಿ ಮಾರ್ಫಿನ್ ಮತ್ತು ಅದನ್ನು ಬರೆಯಲು ತರಬೇತಾದ ಒಬ್ಬ ವೈದ್ಯರು. ಕೇರಳ 2008ರಲ್ಲೇ ಉಪಶಾಮಕ ಆರೈಕೆಗೆ ನೀತಿ ಮಾಡಿ ಮನೆಮನೆಗೆ ತಲುಪಿದೆ, ಅಸಾಧ್ಯ ಅಲ್ಲ. ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿ ಫಿಸಿಯೋಥೆರಪಿ. ಶೆಡ್ಯೂಲ್ ಎಚ್ ನಿಯಮ ಜಾರಿಯಾಗಬೇಕು, ಆದರೆ ಹತ್ತಿರದಲ್ಲಿ ವೈದ್ಯರೇ ಇಲ್ಲದ ಊರಿನಲ್ಲಿ ಅಂಗಡಿ ಬಾಗಿಲು ಮಾತ್ರ ಮುಚ್ಚಿದರೆ ಅದು ಬಡವರ ಮೇಲಿನ ಇನ್ನೊಂದು ಶಿಕ್ಷೆ ಆಗುತ್ತೆ. ವೈದ್ಯರು ಮೊದಲು ಬರಬೇಕು.

ಅದು ಆಗುವವರೆಗೆ ಈ ಭಾನುವಾರ ಒಂದು ಕೆಲಸ ಮಾಡಿ. ಮನೆಯ ಮಾತ್ರೆ ಡಬ್ಬಿ ತೆಗೆದು ಅಪ್ಪ ಅಮ್ಮನ ಪಕ್ಕದಲ್ಲಿ ಕೂತು, ಪ್ರತಿ ಸ್ಟ್ರಿಪ್ಪಿನ ಸಣ್ಣ ಅಕ್ಷರ ಓದಿ. ಯಾವುದನ್ನು, ಯಾಕೆ, ಎಷ್ಟು ದಿನದಿಂದ ಅಂತ ಕೇಳಿ ಬರೆದಿಡಿ. ಯಾವುದನ್ನೂ ನೀವೇ ನಿಲ್ಲಿಸಲು ಹೋಗಬೇಡಿ. ಆ ಪಟ್ಟಿಯನ್ನು ಮುಂದಿನ ಸಲ ವೈದ್ಯರ ಮುಂದೆ ಇಡಿ. ಬಿಪಿ ಅಥವಾ ಶುಗರ್ ಜೊತೆ ನೋವಿನ ಮಾತ್ರೆಯೂ ತಿಂಗಳುಗಟ್ಟಲೆ ನಡೀತಿದ್ದರೆ, ಒಂದು ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿ.